ನೆಟ್ಟಣದ ರೈಲು ಸ್ಟೇಶನ್: ಊರಿಗೆಷ್ಟು, ರೈಲಿಗೆಷ್ಟು?

ರೈಲು ಸ್ಟೇಶನ್ ಅಂದರೆ ಊರಿಗಾಗಿ ಕಟ್ಟಿದ್ದು, ಹಾಗಾಗಿ ರೈಲು ಅಲ್ಲಿ ನಿಲ್ಲಲೇಬೇಕು ಎಂಬ ಭಾವನೆ ನಮ್ಮ ಕಡೆ ಬಹಳ ಮಂದಿಗೆ ಉಂಟು. ನಿಲ್ಲದೆ ಶಿಳ್ಳೆ ಹಾಕಿ ಹೋದಾಗ ಬೈಗುಳ ಸುರು. ಆದರೆ ಸ್ಟೇಶನ್‌ಗಳಲ್ಲೂ ಜಾತಿ ಉಂಟು. ಕೆಲವು ರೈಲಿನ ಅಗತ್ಯಕ್ಕೆ ಹುಟ್ಟಿದವು. ಅಲ್ಲಿ ಜನ ಹತ್ತಲಿ ಬಿಡಲಿ, ಅವು ಇರುತ್ತವೆ. ಇನ್ನು ಕೆಲವು ಜನರ ಅಗತ್ಯಕ್ಕೆ ಹುಟ್ಟಿದವು. ಅವು ಬದುಕುವುದು ಜನ ಹತ್ತಿದರೆ ಮಾತ್ರ. ಈ ವ್ಯತ್ಯಾಸ ತಿಳಿದುಕೊಂಡರೆ ನಾವು ಏನನ್ನು ಕೇಳಬೇಕು, ಯಾರಲ್ಲಿ ಕೇಳಬೇಕು, ಕೇಳಿ ಸಿಕ್ಕಿದ ಮೇಲೆ ಏನು ಮಾಡಬೇಕು ಎಂಬುದು ಸುಲಭ.

ನನ್ನದು ಮಂಗಳೂರು–ಹಾಸನ ಹಳಿಯಿಂದ ಕೂಗಳತೆಯ ದೂರದಲ್ಲಿ ಮೂರೆಕ್ರೆ ಅಡಿಕೆ ತೋಟ. ಗಡಿಯಾರ ನೋಡದೆ ರೈಲಿನ ಶಬ್ದ ಕೇಳಿ ಹೊತ್ತು ಹೇಳುವ ಮನೆ. ದೂರ ಹೋಗಲಿಕ್ಕಿದ್ದರೆ ನಮಗೆ ಆಧಾರ ನೆಟ್ಟಣದ ಸ್ಟೇಶನ್. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಾಲ್ಕು ಮಾತು ಬರೆಯುತ್ತೇನೆ.

ಹೆಸರಿನಲ್ಲಿರುವ ‘ರೋಡ್’

ನೆಟ್ಟಣಕ್ಕೆ ಬಂದ ಹೊಸಬರು ಮೊದಲು ಕೇಳುವುದು, ‘ನೆಟ್ಟಣ ಎಂಬ ಬೋರ್ಡೇ ಇಲ್ಲವಲ್ಲ?’ ಎಂದು. ಹೌದು. ಬೋರ್ಡಿನಲ್ಲಿರುವುದು ‘ಸುಬ್ರಹ್ಮಣ್ಯ ರೋಡ್’. ಸ್ಟೇಶನ್ ಇರುವುದು ಬಿಳಿನೆಲೆ ಗ್ರಾಮದ ನೆಟ್ಟಣದಲ್ಲಿ, ಈಗಿನ ಕಡಬ ತಾಲೂಕು. ಕುಕ್ಕೆ ಸುಬ್ರಹ್ಮಣ್ಯ ಇಲ್ಲಿಂದ ಹತ್ತು–ಹನ್ನೆರಡು ಕಿಲೋಮೀಟರು ಆಚೆ.

ಪ್ರಸಿದ್ಧ ಊರೊಂದಕ್ಕೆ ಹಳಿ ನೇರ ಹೋಗದೆ ದೂರದಲ್ಲಿ ಹಾದುಹೋದಾಗ, ‘ಆ ಊರಿಗೆ ಹೋಗುವ ದಾರಿಗೆ ಇಲ್ಲಿ ಇಳಿಯಿರಿ’ ಎಂಬ ಅರ್ಥದಲ್ಲಿ ರೈಲ್ವೆಯವರು ‘ರೋಡ್’ ಸೇರಿಸುತ್ತಾರೆ. ಕೊಂಕಣ ಹಳಿಯಲ್ಲಿ ಗೋಕರ್ಣ ರೋಡ್, ಮೂಕಾಂಬಿಕಾ ರೋಡ್ ಬೈಂದೂರು ಇರುವುದು ಹೀಗೆಯೇ. ಪುತ್ತೂರಿನ ಸ್ಟೇಶನ್‌ಗೆ ‘ಕಬಕ ಪುತ್ತೂರು’ ಎಂಬ ಹೆಸರಿರುವುದರಿಂದ ಆಂಧ್ರದ ಪುತ್ತೂರಿನ ಜತೆ ಗೊಂದಲ ಇಲ್ಲ. ಹೆಸರು ಇಡುವಾಗ ರೈಲ್ವೆ ನೋಡುವುದು ಪ್ರಯಾಣಿಕನ ಅನುಕೂಲ, ಊರಿನ ಅಭಿಮಾನ ಆಮೇಲೆ.

ಕುಕ್ಕೆಯ ಭಕ್ತರಿಗೆ ಈ ಸ್ಟೇಶನ್ ಬಾಗಿಲು. ಕೃಷಿಕರಿಗೆ ಇನ್ನೊಂದು ಕಾರಣ ಉಂಟು. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ, ಅಂದರೆ ಸಿಪಿಸಿಆರ್‌ಐಯ ಕಿದು ಕೇಂದ್ರ ನೆಟ್ಟಣದ ಹತ್ತಿರವೇ. ದೇಶವಿದೇಶಗಳ ತೆಂಗಿನ ತಳಿಗಳನ್ನು ಕಾಪಾಡುವ ಅಂತಾರಾಷ್ಟ್ರೀಯ ತಳಿ ಸಂಗ್ರಹ ಇರುವುದು ಅಲ್ಲಿ. ತೆಂಗು, ಅಡಿಕೆ, ಕೊಕ್ಕೋ ಬೆಳೆಗಾರರಿಗೆ ಗೊತ್ತಿರಬೇಕಾದ ಜಾಗ. ಘಟ್ಟದ ಮೇಲಿನ ರೈತರಿಗೂ ರೈಲಿನಲ್ಲಿ ಬಂದು ನೋಡಿ ಹೋಗಬಹುದಾದ ದಾರಿ ಇದು.

ಹಳಿ ಬಂದದ್ದು ಬಂದರಿಗಾಗಿ

ಈ ಹಳಿಯನ್ನು ಎಳೆದದ್ದು ನಮ್ಮ ಅಡಿಕೆ ಸಾಗಿಸಲಿಕ್ಕೆ ಅಂತ ಯಾರೂ ತಿಳಿಯಬಾರದು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಕೆಲಸ ಆರಂಭಿಸಿತು. ಬಂದರಿಗೆ ಘಟ್ಟದ ಮೇಲಿನ ಸರಕು, ಮುಖ್ಯವಾಗಿ ಕಬ್ಬಿಣದ ಅದಿರು ಬರಬೇಕಾದರೆ ರೈಲು ಬೇಕಿತ್ತು. ಅಲ್ಲಿವರೆಗೆ ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಕೇರಳಕ್ಕೆ ಇಳಿದು, ಪಾಲಕ್ಕಾಡ್ ದಾಟಿ ಸುತ್ತಿ ಹೋಗಬೇಕಿತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ತಿಯಾಗಿ ತೆರೆಯಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರು ಘಟ್ಟದ ಭಾಗ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ನಾವಿರುವುದು ಬುಡದಲ್ಲಿ. ಈ ಎತ್ತರ ಇಳಿಸಲಿಕ್ಕೆ 50 ಅಡಿಗೆ ಒಂದಡಿ ಇಳಿಜಾರು ಇಟ್ಟಿದ್ದಾರೆ. ಲಾರಿಗೆ ಇದು ಏನೇನೂ ಅಲ್ಲ. ಆದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ, ರೈಲಿಗೆ ಇದು ಭಾರೀ ಚಡವು. ದಾರಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ.

ಮೀಟರ್ ಗೇಜ್ ಕಾಲದ ರೈಲನ್ನು ನನ್ನ ವಯಸ್ಸಿನವರು ಮರೆಯುವುದಿಲ್ಲ. ಗೊನೆ, ಹಲಸು, ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ಹತ್ತುವವರು, ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೊರಟ ಅಜ್ಜಿಯಂದಿರು ಎಲ್ಲರೂ ಒಂದೇ ಡಬ್ಬಿಯಲ್ಲಿ. ನಿಧಾನದ ರೈಲು ಹೌದು, ಆದರೆ ಬಸ್ಸಿಗಿಂತ ಅಗ್ಗ. ತಿರುವಿಗೆ ವಾಂತಿ ಬರುವುದಿಲ್ಲ ಎಂಬುದು ಹೆಂಗಸರಿಗೆ ಅದಕ್ಕಿಂತ ದೊಡ್ಡ ಲಾಭ.

ಹನ್ನೊಂದು ವರ್ಷ ಘಟ್ಟಕ್ಕೆ ರೈಲಿಲ್ಲ

ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ 1992ರಲ್ಲಿ ಸುರುವಾಯಿತು. ಮೀಟರ್ ಗೇಜಿನಲ್ಲಿ ಎರಡು ಹಳಿಗಳ ನಡುವೆ ಒಂದು ಮೀಟರು ಅಂತರ. ಬ್ರಾಡ್ ಗೇಜಿನಲ್ಲಿ 1.676 ಮೀಟರು. ಅಗಲ ಬೇರೆಯಾದರೆ ಒಂದು ಹಳಿಯ ವ್ಯಾಗನ್ ಇನ್ನೊಂದಕ್ಕೆ ಹೋಗಲಾರದು. ಮೂಟೆ ಇಳಿಸಿ ಮತ್ತೆ ಏರಿಸಬೇಕು. ಕೂಲಿಯೂ ದಂಡ, ಸಮಯವೂ ದಂಡ.

ಹಾಗಾಗಿ 1996ರಲ್ಲಿ ಘಟ್ಟದ ಸಂಚಾರ ನಿಲ್ಲಿಸಿದರು. ಸುರಂಗ, ಸೇತುವೆ, ದುಡ್ಡು ಎಲ್ಲವೂ ತಡವಾಗುತ್ತಾ ಹೋಯಿತು. 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರಕಾರ ಸೇರಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪೆನಿಯನ್ನು ಕಟ್ಟಿದ ಮೇಲೆ ಕೆಲಸಕ್ಕೆ ವೇಗ ಬಂತು. 2006ರ ಮೇಯಲ್ಲಿ ಗೂಡ್ಸ್ ರೈಲು ಓಡಿತು. ಜನರ ರೈಲು ಬಂದದ್ದು 2007ರ ಡಿಸೆಂಬರ್ 8ಕ್ಕೆ.

ಈ ಎರಡು ತಾರೀಕುಗಳ ನಡುವಿನ ಅಂತರ ಗಮನಿಸಿ. ಹಳಿ ಸಿದ್ಧವಾದ ಮೇಲೂ ಒಂದೂವರೆ ವರ್ಷ ಅದರ ಮೇಲೆ ಸರಕು ಮಾತ್ರ ಹೋಯಿತು. ಸರಕಿನಿಂದ ಬರುವ ಬಾಡಿಗೆಯೇ ರೈಲ್ವೆಗೆ ಮುಖ್ಯ ಆದಾಯ, ಪ್ರಯಾಣಿಕರ ರೈಲಿನಲ್ಲಿ ಲಾಭ ಇಲ್ಲ. ಜನರ ರೈಲು ತಾನಾಗಿ ಬರುವುದಿಲ್ಲ, ಕೇಳಿ ತರಿಸಬೇಕು ಎಂಬ ಪಾಠ ಇಲ್ಲಿಯೇ ಉಂಟು.

ನೆಟ್ಟಣದಲ್ಲಿ ರೈಲು ಯಾಕೆ ಅಷ್ಟು ಹೊತ್ತು ನಿಲ್ಲುತ್ತದೆ?

ಪಕ್ಕದ ಸಣ್ಣ ಸ್ಟೇಶನ್‌ಗಳಲ್ಲಿ ಒಂದು ನಿಮಿಷವೂ ನಿಲ್ಲದ ಎಕ್ಸ್‌ಪ್ರೆಸ್ ರೈಲು ಇಲ್ಲಿ ಹಾಯಾಗಿ ನಿಂತು ಚಹಾ ಕುಡಿಸುತ್ತದೆ. ನೆಟ್ಟಣ ದೊಡ್ಡ ಪೇಟೆಯೇನಲ್ಲ. ಕಾರಣ ಘಟ್ಟ. ಮೇಲೆ ಹೋಗುವ ರೈಲಿಗೆ ಎದುರಿನ ಎಂಜಿನ್ ಸಾಕಾಗುವುದಿಲ್ಲ. ಹಿಂದಿನಿಂದ ದೂಡಲಿಕ್ಕೆ ಇನ್ನೂ ಎಂಜಿನ್ ಬೇಕು. ಇದಕ್ಕೆ ‘ಬ್ಯಾಂಕರ್’ ಎನ್ನುತ್ತಾರೆ. ಗೊಬ್ಬರ ತುಂಬಿದ ಗಾಡಿಯನ್ನು ಚಡವಿನಲ್ಲಿ ಇಬ್ಬರು ಹಿಂದಿನಿಂದ ನೂಕುವ ಹಾಗೆ. ಕೆಳಗೆ ಬಂದ ರೈಲಿನಿಂದ ಆ ಎಂಜಿನ್‌ಗಳನ್ನು ಬಿಡಿಸುವುದೂ ಇಲ್ಲಿಯೇ. ಇಳಿಯುವಾಗ ಬ್ರೇಕಿನದ್ದೇ ದೊಡ್ಡ ಚಿಂತೆ. ಅದಕ್ಕೇ ಘಟ್ಟದಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿ.

ಹೀಗೆ ಎಂಜಿನ್ ಜೋಡಿಸುವ ಕೆಲಸದಿಂದ ನೆಟ್ಟಣಕ್ಕೆ ಸ್ಟೇಶನ್ ಗಟ್ಟಿಯಾಯಿತು. ಆ ನಿಲುಗಡೆಯ ಪ್ರಯೋಜನ ಕುಕ್ಕೆಯ ಭಕ್ತರಿಗೂ ನಮಗೂ ಸಿಕ್ಕಿತು.

ಒಂಟಿ ಹಳಿಯ ಲೆಕ್ಕ

ನೆಟ್ಟಣದಿಂದ ಮೇಲೆ ಹೋದರೆ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ಎಂಬ ಸ್ಟೇಶನ್‌ಗಳು ಬರುತ್ತವೆ. ಎಡಕುಮೇರಿಯನ್ನು ಕೇಳದವರಿಲ್ಲ. ಸುತ್ತ ಕಾಡು. ಸ್ಟೇಶನ್‌ನ ನೌಕರರೂ ರೈಲಿನಲ್ಲೇ ಹೋಗಿ ಬರುತ್ತಾರೆ. ಹಿಂದೆ ಚಾರಣದವರು ಹಳಿಯ ಮೇಲೆ ನಡೆದುಕೊಂಡು ಬರುತ್ತಿದ್ದರು. ಈಗ ಅದಕ್ಕೆ ನಿಷೇಧ ಉಂಟು, ಇರಬೇಕಾದದ್ದೇ. ಟಿಕೇಟು ಕೊಳ್ಳುವ ಊರೇ ಇಲ್ಲದ ಕಡೆ ಸ್ಟೇಶನ್ ಎಂತಕ್ಕೆ?

ಉತ್ತರ ನಮ್ಮ ತೋಟದಲ್ಲೇ ಉಂಟು. ತೋಡಿಗೆ ಅಡಿಕೆ ಮರದ ಸಂಕ ಹಾಕಿರುತ್ತೇವೆ. ಅದರ ಮೇಲೆ ಒಬ್ಬ ಬರುವಾಗ ಇನ್ನೊಬ್ಬ ಎದುರಿನಿಂದ ಕಾಲಿಡಲಿಕ್ಕಿಲ್ಲ, ದಡದಲ್ಲಿ ನಿಂತು ದಾರಿ ಬಿಡಬೇಕು. ಒಂಟಿ ಹಳಿಯೂ ಒಂದು ಸಂಕ. ಎರಡು ಸ್ಟೇಶನ್‌ಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು. ಎದುರಿನದ್ದು ಸ್ಟೇಶನ್‌ನ ಪಕ್ಕದ ಹಳಿಯಲ್ಲಿ ಕಾಯಬೇಕು. ಆ ಹಳಿಗೆ ಲೂಪ್ ಲೈನ್ ಎನ್ನುತ್ತಾರೆ, ಹೀಗೆ ದಾಟಿಸುವುದಕ್ಕೆ ಕ್ರಾಸಿಂಗ್.

ಲೆಕ್ಕ ಹಾಕಿ ನೋಡಿ. ಎರಡು ಸ್ಟೇಶನ್‌ಗಳ ನಡುವೆ 15 ಕಿಲೋಮೀಟರು ಇದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ 30ರ ವೇಗದಲ್ಲಿ ದಾಟಲಿಕ್ಕೆ ಅರ್ಧ ಗಂಟೆ. ಒಂದು ಹೋಗಿ ಒಂದು ಬರುವಾಗ ಒಂದು ಗಂಟೆ ಮುಗಿಯಿತು. ಮಧ್ಯದಲ್ಲಿ ಇನ್ನೊಂದು ಕ್ರಾಸಿಂಗ್ ಸ್ಟೇಶನ್ ಇಟ್ಟರೆ ಅದೇ ಕೆಲಸ ಅರ್ಧ ಗಂಟೆಗೆ ಆಗುತ್ತದೆ. ಹಳಿಯಲ್ಲಿ ಓಡಬಹುದಾದ ರೈಲುಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿ. ಎಡಕುಮೇರಿಯ ಉಪಯೋಗ ಇದು.

ಈ ದಾಟಿಸುವ ಕೆಲಸಕ್ಕೆ ಹಿಂದೆ ಟೋಕನ್ ಪದ್ಧತಿ ಇತ್ತು. ಸ್ಟೇಶನ್ ಮಾಸ್ಟರರ ಕೋಣೆಯಲ್ಲಿ ಒಂದು ಯಂತ್ರ. ಮುಂದಿನ ಸ್ಟೇಶನ್‌ನವರು ಒಪ್ಪಿದರೆ ಮಾತ್ರ ಅದರಿಂದ ಕಬ್ಬಿಣದ ಒಂದು ಉಂಡೆ ಹೊರಗೆ ಬರುತ್ತದೆ. ಅದನ್ನು ಚೀಲದಲ್ಲಿ ಹಾಕಿ ದೊಡ್ಡ ಬಳೆಗೆ ಸಿಕ್ಕಿಸಿ ಡ್ರೈವರನಿಗೆ ಕೊಡುವುದು. ಉಂಡೆ ಕೈಗೆ ಬಾರದೆ ರೈಲು ಹೊರಡಲಿಕ್ಕಿಲ್ಲ. ಒಂದು ಉಂಡೆ ಹೊರಗಿರುವಾಗ ಎರಡನೆಯದ್ದು ಯಾವ ತುದಿಯಲ್ಲೂ ಬರುವುದಿಲ್ಲ. ಈಗ ಈ ಕೆಲಸವನ್ನು ವಿದ್ಯುತ್ ಸಿಗ್ನಲ್‌ಗಳು ಮಾಡುತ್ತವೆ. ತತ್ವ ಮಾತ್ರ ಅದೇ.

ಎರಡು ಜಾತಿಯ ಸ್ಟೇಶನ್

ಈಗ ಮೊದಲು ಹೇಳಿದ ಮಾತಿಗೆ ಬರೋಣ. ರೈಲನ್ನು ತಡೆದು, ದಾಟಿಸಿ, ಬಿಡುವ ಅಧಿಕಾರ ಇರುವುದು ಬ್ಲಾಕ್ ಸ್ಟೇಶನ್. ಅಲ್ಲಿ ಸ್ಟೇಶನ್ ಮಾಸ್ಟರರು ಹಗಲು ರಾತ್ರಿ ಇರಬೇಕು. ಒಬ್ಬ ಪ್ರಯಾಣಿಕ ಹತ್ತದಿದ್ದರೂ ಹಳಿಗೆ ಅದು ಬೇಕು.

ಇನ್ನೊಂದು ಹಾಲ್ಟ್ ಸ್ಟೇಶನ್. ಅಲ್ಲಿ ಲೂಪ್ ಇಲ್ಲ, ಸಿಗ್ನಲ್ ಇಲ್ಲ. ಒಂದು ಪ್ಲಾಟ್‌ಫಾರಂ, ಒಂದು ಮಾಡು, ಒಂದು ಬೋರ್ಡು. ಟಿಕೇಟು ಮಾರುವುದು ಹೆಚ್ಚಾಗಿ ರೈಲ್ವೆಯ ನೌಕರ ಅಲ್ಲ, ಕಮಿಷನ್ ಮೇಲೆ ದುಡಿಯುವ ಊರಿನದೇ ಏಜೆಂಟ್. ಟಿಕೇಟು ಹೋದಷ್ಟೇ ಅವನಿಗೆ ಸಂಪಾದನೆ. ಮಾರಾಟ ಇಳಿದರೆ ಅವನು ಬಿಟ್ಟು ಹೋಗುತ್ತಾನೆ. ಅವನು ಹೋದ ಮೇಲೆ ಜನ ಟಿಕೇಟಿಲ್ಲದೆ ಹತ್ತುತ್ತಾರೆ. ಆಗ ರೈಲ್ವೆಯ ಪುಸ್ತಕದಲ್ಲಿ ಆ ಹಾಲ್ಟಿನ ವ್ಯಾಪಾರ ಸೊನ್ನೆ. ಸೊನ್ನೆ ಇರುವಲ್ಲಿ ರೈಲು ಯಾಕೆ ನಿಲ್ಲಬೇಕು ಎಂಬ ಪ್ರಶ್ನೆ ಬರುವುದು ಸಹಜ.

2017ರ ಕೊನೆಗೆ ರೈಲ್ವೆ ಎಲ್ಲ ಸ್ಟೇಶನ್‌ಗಳನ್ನು ಹೊಸದಾಗಿ ವಿಂಗಡಿಸಿತು. ಹಾಲ್ಟ್‌ಗಳದ್ದೇ ಒಂದು ಗುಂಪು. ಯಾವ ದರ್ಜೆ ಎಂದು ನಿರ್ಧರಿಸುವಾಗ ನೋಡುವುದು ಮುಖ್ಯವಾಗಿ ಎರಡು: ಆ ಸ್ಟೇಶನ್‌ನಿಂದ ಹೊರಡುವ ಪ್ರಯಾಣಿಕರ ಸಂಖ್ಯೆ ಮತ್ತು ಅದರಿಂದ ಬರುವ ಆದಾಯ. ಮಾಡು, ನೀರು, ಬೆಂಚು, ಶೌಚಾಲಯ ಎಷ್ಟು ಕೊಡಬೇಕೆಂಬುದೂ ಈ ದರ್ಜೆಯ ಮೇಲೆಯೇ. ಇಳಿಯುವವರ ಲೆಕ್ಕ ಅದರಲ್ಲಿ ಬರುವುದಿಲ್ಲ.

ಕೊರೋನಾ ಕಲಿಸಿದ್ದು

2020ರ ಮಾರ್ಚಿನಲ್ಲಿ ದೇಶದ ಪ್ರಯಾಣಿಕರ ರೈಲೆಲ್ಲ ನಿಂತದ್ದು ಗೊತ್ತೇ ಉಂಟು. ಮತ್ತೆ ಸುರುವಾಗುವಾಗ ದೇಶದ ಎಷ್ಟೋ ಸಣ್ಣ ಸ್ಟೇಶನ್‌ಗಳಿಗೆ ಮೊದಲಿನ ನಿಲುಗಡೆ ಮರಳಲಿಲ್ಲ. ಪ್ಯಾಸೆಂಜರ್ ರೈಲಿಗೂ ಎಕ್ಸ್‌ಪ್ರೆಸ್ ದರ ಹಾಕಿದರು. ಕನಿಷ್ಠ 10 ರೂಪಾಯಿ ಇದ್ದದ್ದು 30 ಆಯಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯೂ 2020ರಲ್ಲಿ ನಿಂತಿತು.

ನಮ್ಮ ಹಳಿಗೆ ಬೇರೆ ಕಷ್ಟಗಳೂ ಉಂಟು. 2018ರ ಆಗಸ್ಟಿನ ಮಳೆಗೆ ಘಟ್ಟದಲ್ಲಿ ಸಾಲು ಸಾಲು ಗುಡ್ಡ ಜಾರಿ ವಾರಗಟ್ಟಲೆ ರೈಲಿಲ್ಲ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡವೇ ಜಾರಿತು. ಘಟ್ಟದಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆಂದು 2025ರ ಜೂನಿನಿಂದ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಇಂಥ ಹೊತ್ತಿನಲ್ಲಿ ಜನ ಬಸ್ಸಿಗೆ ಒಗ್ಗಿ ಹೋಗುತ್ತಾರೆ. ರೈಲು ಮರಳಿದರೂ ಜನ ಮರಳುವುದಿಲ್ಲ. ಸಣ್ಣ ಸ್ಟೇಶನ್‌ಗೆ ಪೆಟ್ಟು ಬೀಳುವುದು ಅಲ್ಲಿ.

ಒಳ್ಳೆಯ ಸುದ್ದಿಯೂ ಉಂಟು. ಮಂಗಳೂರು ಸೆಂಟ್ರಲ್‌ನಿಂದ ಕಬಕ ಪುತ್ತೂರಿಗೆ ಬಂದು ನಿಲ್ಲುತ್ತಿದ್ದ ಪ್ಯಾಸೆಂಜರ್ ರೈಲನ್ನು 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಿಸಿದರು. ಬಹುಕಾಲದ ಬೇಡಿಕೆ ಅದು. ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳದಂಥ ಊರುಗಳಿರುವ ಈ ಹಾದಿಯವರಿಗೆ ಎಕ್ಸ್‌ಪ್ರೆಸ್‌ಗಿಂತ ಇಂಥ ರೈಲು ಮುಖ್ಯ. ದೂರದ ಪ್ರಯಾಣಕ್ಕೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಬೆಂಗಳೂರು–ಕಾರವಾರದ ಪಂಚಗಂಗಾ, ಬೆಂಗಳೂರು–ಕಣ್ಣೂರು, ವಿಜಯಪುರ–ಮಂಗಳೂರು ರೈಲುಗಳು ಸಿಗುತ್ತವೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಗಂಟೆ–ನಿಮಿಷ ಇಲ್ಲಿ ಬರೆಯುವುದಿಲ್ಲ. ಹೊರಡುವ ಮೊದಲು 139ಕ್ಕೆ ಫೋನು ಮಾಡಿ ಕೇಳುವುದು ಒಳ್ಳೆಯದು.

ತೋಟದ ಮಾಲು ಕೊಂಡುಹೋಗಬಹುದೇ?

ಇದನ್ನು ಕೇಳದ ಕೃಷಿಕರಿಲ್ಲ. ನಿಯಮ ಹೀಗುಂಟು. ಎರಡನೇ ದರ್ಜೆಯಲ್ಲಿ ಒಬ್ಬರಿಗೆ 35 ಕಿಲೋ, ಸ್ಲೀಪರ್‌ನಲ್ಲಿ 40 ಕಿಲೋ ಸಾಮಾನು ಉಚಿತ. ಹೆಚ್ಚಿದ್ದರೆ ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಬೇಕು. ಮಗಳ ಮನೆಗೆ ಎರಡು ಗೊನೆ, ಒಂದು ಚೀಲ ತೆಂಗಿನಕಾಯಿ ಕೊಂಡುಹೋಗಲಿಕ್ಕೆ ಇದು ಧಾರಾಳ. ಆದರೆ ಮಾರುವ ಮಾಲನ್ನು ‘ನನ್ನ ಸಾಮಾನು’ ಎಂದು ಡಬ್ಬಿಯೊಳಗೆ ಒಯ್ಯುವಂತಿಲ್ಲ. ಅದನ್ನು ಪಾರ್ಸೆಲ್ ಮಾಡಿ ಲಗೇಜು ವ್ಯಾನಿಗೆ ಹಾಕಬೇಕು.

ಒಂದೆರಡು ನಿಮಿಷ ರೈಲು ನಿಲ್ಲುವ ಸ್ಟೇಶನ್‌ನಲ್ಲಿ ಪಾರ್ಸೆಲ್ ಏರಿಸುವುದು ಆಗದ ಮಾತು. ದೊಡ್ಡ ಸ್ಟೇಶನ್‌ಗೇ ಹೋಗಬೇಕು. ಅಲ್ಲಿವರೆಗೆ ಜೀಪಿನ ಬಾಡಿಗೆ, ಆ ತುದಿಯಲ್ಲಿ ಆಟೋದ ಬಾಡಿಗೆ, ಎರಡು ಕಡೆ ಹೊರುವ ಕೂಲಿ ಸೇರಿಸಿ ನೋಡಿ. ಒಬ್ಬನ ನಾಲ್ಕು ಮೂಟೆಗೆ ಲಾರಿಯೇ ವಾಸಿ. ಹತ್ತು ಮಂದಿ ಸೇರಿ, ಒಂದೇ ಊರಿಗೆ, ವಾರವಾರ ಕಳಿಸುವುದಾದರೆ ಲೆಕ್ಕ ಬೇರೆ. ಅಂಥದ್ದನ್ನು ಸಹಕಾರಿ ಸಂಘಗಳು ಯೋಚಿಸಬಹುದು.

ನಿಲುಗಡೆ ಬೇಕಿದ್ದರೆ

ನಮ್ಮ ಹಳಿ ಪಡೀಲಿನಿಂದ ಈಚೆಗೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು. ಮಂಗಳೂರು ಸೆಂಟ್ರಲ್ ಇರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ. ಯಾರ ಕೈಯಲ್ಲಿ ಯಾವುದುಂಟು ಎಂದು ತಿಳಿಯದೆ ಮನವಿ ಕೊಟ್ಟರೆ ಕಾಗದ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತದೆ. ನಮ್ಮ ಸ್ಟೇಶನ್‌ಗಳ ಬಗ್ಗೆ ಬರೆಯಬೇಕಾದದ್ದು ಮೈಸೂರಿನ ವಿಭಾಗೀಯ ರೈಲ್ವೆ ಮ್ಯಾನೇಜರರಿಗೆ. ಪ್ರತಿಯನ್ನು ಸಂಸದರಿಗೂ, ವಿಭಾಗದ ರೈಲು ಬಳಕೆದಾರರ ಸಲಹಾ ಸಮಿತಿಯ ಸದಸ್ಯರಿಗೂ ಕೊಡಿ.

ಬರೆಯುವಾಗ ‘ಜನರಿಗೆ ತುಂಬಾ ತೊಂದರೆ’ ಎಂದಷ್ಟೇ ಬರೆದರೆ ಸಾಲದು. ಭಾರದ ರೈಲನ್ನು ನಿಲ್ಲಿಸಿ ಮತ್ತೆ ವೇಗಕ್ಕೆ ತರಲಿಕ್ಕೆ ಇಂಧನವೂ ಸಮಯವೂ ಖರ್ಚು. ಒಂಟಿ ಹಳಿಯಲ್ಲಿ ಆ ತಡ ಎದುರಿನ ರೈಲಿಗೂ ತಗಲುತ್ತದೆ. ಹಾಗಾಗಿ ಅವರಿಗೆ ಬೇಕಾದ್ದು ಅಂಕಿ. ಸ್ಟೇಶನ್‌ನಿಂದ ಐದು ಕಿಲೋಮೀಟರೊಳಗೆ ಮನೆಗಳೆಷ್ಟು, ದಿನಾ ಮಂಗಳೂರಿಗೆ ಹೋಗುವ ವಿದ್ಯಾರ್ಥಿಗಳೆಷ್ಟು, ಕೆಲಸಕ್ಕೆ ಹೋಗುವವರೆಷ್ಟು, ಅವರಿಗೆ ಯಾವ ಹೊತ್ತಿನ ರೈಲು ಬೇಕು ಎಂದು ಮನೆಮನೆಗೆ ಹೋಗಿ ಪಟ್ಟಿ ಮಾಡಿ. ಅಡಿಕೆ ಮರ ಎಣಿಸುವ ನಮಗೆ ಇದು ಕಷ್ಟದ ಕೆಲಸವೇ?

ಸಾಮಾನ್ಯವಾಗಿ ಹೊಸ ನಿಲುಗಡೆ ಕೊಡುವುದು ಆರು ತಿಂಗಳ ಪ್ರಾಯೋಗಿಕ ಆಧಾರದಲ್ಲಿ. ಆ ಅವಧಿಯಲ್ಲಿ ಮಾರಾಟವಾದ ಟಿಕೇಟನ್ನು ನೋಡಿ ಮುಂದುವರಿಸುವುದೋ ಬೇಡವೋ ಎಂದು ತೀರ್ಮಾನ. ಮೊದಲ ದಿನ ಎಂಜಿನ್‌ಗೆ ಹಾರ ಹಾಕಲಿಕ್ಕೆ ಇನ್ನೂರು ಜನ, ಮರುದಿನದಿಂದ ಹತ್ತುವವರು ಇಬ್ಬರು ಎಂದಾದರೆ ಆರು ತಿಂಗಳಿಗೆ ಬಾಗಿಲು ಹಾಕಿತೆಂದೇ ತಿಳಿಯಿರಿ.

ಟಿಕೇಟಿನ ಮೇಲೆ ನಮ್ಮ ಊರಿನ ಹೆಸರು

ಕೊನೆಯದಾಗಿ ಒಂದು ಸಣ್ಣ ವಿಷಯ, ಆದರೆ ಎಲ್ಲದಕ್ಕಿಂತ ಮುಖ್ಯ. ಟಿಕೇಟು ತೆಗೆಯುವಾಗ ಹತ್ತುವ ಸ್ಟೇಶನ್ ಯಾವುದೋ ಅಲ್ಲಿಂದಲೇ ತೆಗೆಯಿರಿ. ನಮ್ಮಲ್ಲಿ ಅನೇಕರು ನೆಟ್ಟಣದಲ್ಲಿ ಹತ್ತುವವರು ಮಂಗಳೂರಿನಿಂದ ಬರ್ತು ಕಾದಿರಿಸುತ್ತಾರೆ. ದೊಡ್ಡ ಸ್ಟೇಶನ್‌ಗೆ ಬರ್ತಿನ ಕೋಟಾ ಹೆಚ್ಚು ಇರುವುದರಿಂದ ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ, ನಿಜ. ಹಾಗೆ ಮಾಡುವುದಿದ್ದರೆ ಹತ್ತುವ ಸ್ಟೇಶನ್ ಯಾವುದೆಂದು ಮುಂಚೆಯೇ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಬರ್ತು ಇನ್ನೊಬ್ಬರಿಗೆ ಹೋದೀತು. ಆದರೆ ನಮ್ಮ ಸ್ಟೇಶನ್‌ನಿಂದಲೇ ಬರ್ತು ಸಿಗುವಾಗಲೂ ಅಭ್ಯಾಸ ಬಲದಿಂದ ಮಂಗಳೂರು ಎಂದು ಬರೆದರೆ ಆ ಪ್ರಯಾಣಿಕನೂ ಆ ದುಡ್ಡೂ ಮಂಗಳೂರಿನ ಲೆಕ್ಕಕ್ಕೆ. ಮೊಬೈಲಿನಲ್ಲಿ ಸಾದಾ ಟಿಕೇಟು ತೆಗೆಯುವಾಗಲೂ ಹೊರಡುವ ಸ್ಟೇಶನ್‌ನ ಹೆಸರನ್ನು ಸರಿಯಾಗಿ ಹಾಕಿ.

ಎಡಕುಮೇರಿಯನ್ನು ಘಟ್ಟ ಕಾಯುತ್ತದೆ. ನೆಟ್ಟಣಕ್ಕೆ ಘಟ್ಟದ ಬಲವೂ ಕುಕ್ಕೆಯ ಬಲವೂ ಉಂಟು. ನಡುವಿನ ಸಣ್ಣ ಹಾಲ್ಟ್‌ಗಳಿಗೆ ಎರಡೂ ಇಲ್ಲ. ಅವಕ್ಕಿರುವುದು ಅಲ್ಲಿಯ ಜನ ಕೊಳ್ಳುವ ಹತ್ತು ರೂಪಾಯಿಯ ಟಿಕೇಟು ಮಾತ್ರ. ಮಕ್ಕಳನ್ನು ಕಾಲೇಜಿಗೆ ಕಳಿಸುವಾಗ, ನಾವು ಕಚೇರಿ–ಆಸ್ಪತ್ರೆಗೆ ಹೋಗುವಾಗ ಇದು ನೆನಪಿರಲಿ. ಸೀಸನ್ ಟಿಕೇಟು ಸಿಗುವ ಕಡೆ ಅದನ್ನೇ ಮಾಡಿಸಿಕೊಳ್ಳಿ. ದಿನಾ ಹೋಗುವವರಿಗೆ ಅದು ಬಸ್ಸಿನ ಖರ್ಚಿನ ಎದುರು ಏನೂ ಅಲ್ಲ.

ನಿಮ್ಮ ಊರಿನ ಹತ್ತಿರವೂ ಹೀಗೆ ಸ್ಟೇಶನ್ ಇದ್ದರೆ ಅದು ಬ್ಲಾಕ್ ಸ್ಟೇಶನ್ನೋ ಹಾಲ್ಟೋ ಎಂದು ಮೊದಲು ವಿಚಾರಿಸಿ. ಹಾಲ್ಟ್ ಆಗಿದ್ದರೆ ಟಿಕೇಟು ಕೊಡುವವರು ಇದ್ದಾರೋ ಎಂದು ನೋಡಿ. ಇಲ್ಲವಾದರೆ ಆ ಕೆಲಸಕ್ಕೆ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಿದ್ಧಪಡಿಸಿ ರೈಲ್ವೆಯವರಲ್ಲಿ ಕೇಳಿ. ಸ್ಟೇಶನ್ ಉಳಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.